ಪಾದಪ್ರಕ್ಷಾಲನವಿಧಿ: ಕ್ರೈಸ್ತ ಸಭಾಚರಿತ್ರೆಯಲ್ಲಿ ವಿನಯವೂ ಸೇವೆಯೂ

೧

ದಾನಕ್ಕೆ ಕಾಲವನ್ನೂ ಪ್ರಮಾಣವನ್ನೂ ಗೊತ್ತುಮಾಡಬಹುದು; ಉಪವಾಸಕ್ಕೆ ದಿನವನ್ನು ನಿಯಮಿಸಬಹುದು; ಯಾತ್ರೆಗೆ ಕ್ಷೇತ್ರವನ್ನು ನಿರ್ದೇಶಿಸಬಹುದು. ಆದರೆ ವಿನಯವನ್ನು ವಿಧಿಸಲು ಸಾಧ್ಯವೇ? ಆಜ್ಞೆಗೆ ಅಂಜಿ ತಲೆಬಾಗಿದವನು ವಿನೀತನೆನ್ನಿಸಿಕೊಳ್ಳಲಾರನು. ಹತ್ತು ಜನರು ನೋಡುವಂತೆ ತಲೆಬಾಗಿದವನ ವಿನಯದಲ್ಲಿ ಅಹಂಕಾರದ ಅಂಶವೆಷ್ಟೆಂಬುದನ್ನು ಅಳೆಯುವ ಬಗೆಯೂ ಇಲ್ಲ. ಹೀಗಿದ್ದರೂ ಕ್ರೈಸ್ತಸಭೆಯು ವಿನಯವನ್ನು ಒಂದು ಕರ್ಮದ ರೂಪದಲ್ಲಿ ಸ್ವೀಕರಿಸಿ, ಆ ಕರ್ಮವನ್ನು ಹಲವು ದೇಶಗಳಲ್ಲಿ ಹಲವು ಬಗೆಯಾಗಿ ಶತಮಾನಗಳ ಕಾಲ ಆಚರಿಸಿಕೊಂಡು ಬಂದಿದೆ. ಆ ಕರ್ಮವೇ ಪಾದಪ್ರಕ್ಷಾಲನ. ಅದರ ಚರಿತ್ರೆಯನ್ನು ಮೊದಲಿನಿಂದ ಪರಿಶೀಲಿಸಿದರೆ, ಸೇವೆಯು ಯಾವಾಗ ಸೇವೆಯಾಗಿ ಉಳಿಯಿತು, ಯಾವಾಗ ವೈಭವವಾಗಿ ಮಾರ್ಪಟ್ಟಿತು, ವೈಭವವಾದಮೇಲೆ ಪುನಃ ಸೇವೆಯಾಗಲು ಯಾವ ಮಾರ್ಗವನ್ನು ಹಿಡಿಯಿತು ಎಂಬ ವಿಷಯಗಳು ಸ್ಪಷ್ಟವಾಗುತ್ತವೆ.

ಈ ಕರ್ಮಕ್ಕೆ ಆಧಾರವಾದುದು ಯೋಹಾನನ ಸುವಾರ್ತೆಯ ೧೩ನೆಯ ಅಧ್ಯಾಯ. ಮರಣಕ್ಕೆ ಹಿಂದಿನ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತಿದ್ದ ಯೇಸು ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲುಗಳನ್ನು ತೊಳೆದು ಒರಸಿದನೆಂದು ಅಲ್ಲಿ ಹೇಳಿದೆ. ಪೇತ್ರನು ಮೊದಲು ಒಪ್ಪಲಿಲ್ಲ. ಒಪ್ಪದಿದ್ದರೆ ತನ್ನಲ್ಲಿ ಪಾಲಿಲ್ಲವೆಂದು ಗುರುವು ಹೇಳಿದಮೇಲೆ ಕಾಲಷ್ಟೇ ಅಲ್ಲದೆ ಕೈಯನ್ನೂ ತಲೆಯನ್ನೂ ತೊಳೆಯಬೇಕೆಂದು ಬೇಡಿದನು. ಕೊನೆಯಲ್ಲಿ, ಗುರುವೂ ಒಡೆಯನೂ ಆದವನು ಹೀಗೆ ಮಾಡಿದಮೇಲೆ ಶಿಷ್ಯರೂ ಒಬ್ಬರ ಕಾಲನ್ನೊಬ್ಬರು ತೊಳೆಯತಕ್ಕದ್ದೆಂಬ ಉಪದೇಶವಿದೆ. ಈ ‘ಒಬ್ಬರನ್ನೊಬ್ಬರು’ ಎಂಬ ಪದವು ಮುಂದಿನ ವಿಚಾರಕ್ಕೆಲ್ಲ ಮುಖ್ಯವಾದುದು. ಮೇಲಿನವನು ಕೆಳಗಿನವನಿಗೆ ಮಾಡಬೇಕೆಂದಾಗಲಿ, ಕೆಳಗಿನವನು ಮೇಲಿನವನಿಗೆ ಮಾಡಬೇಕೆಂದಾಗಲಿ ಹೇಳದೆ, ಪರಸ್ಪರವಾಗಿ ಮಾಡಬೇಕೆಂದು ಹೇಳಿರುವುದು ಇಲ್ಲಿನ ವಿಶೇಷ.

ಉಳಿದ ಮೂವರು ಸುವಾರ್ತಿಕರು ಈ ಪ್ರಸಂಗವನ್ನು ಹೇಳುವುದಿಲ್ಲ. ಅದೇ ಭೋಜನದಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿದ ವೃತ್ತಾಂತವನ್ನು ಅವರು ಹೇಳುತ್ತಾರೆ. ಅದನ್ನು ಯೋಹಾನನು ಹೇಳುವುದಿಲ್ಲ. ಲೂಕನ ಗ್ರಂಥದಲ್ಲಿ ಮಾತ್ರ, ಶಿಷ್ಯರಲ್ಲಿ ಹೆಚ್ಚಿನವನಾರೆಂಬ ಜಗಳವು ಆ ಭೋಜನದ ಪಂಕ್ತಿಯಲ್ಲಿಯೇ ಎದ್ದಿತೆಂದು ಇದೆ. ಎರಡು ಗ್ರಂಥಗಳನ್ನೂ ಜೊತೆಯಲ್ಲಿಟ್ಟು ಓದಿದರೆ ಪಾದಪ್ರಕ್ಷಾಲನವು ಆ ಜಗಳಕ್ಕೆ ಕೊಟ್ಟ ಉತ್ತರದಂತೆ ತೋರುತ್ತದೆ.

ಕಾಲು ತೊಳೆಯುವುದು ಆ ದೇಶದಲ್ಲಿ ಅಪೂರ್ವವಾದ ಆಚಾರವೇನೂ ಆಗಿರಲಿಲ್ಲ. ಧೂಳಿನ ದಾರಿಯಲ್ಲಿ ಬಂದವರಿಗೆ ನೀರು ಕೊಡುವುದು ಆತಿಥ್ಯದ ಮೊದಲ ಅಂಗ. ಆದಿಕಾಂಡದಲ್ಲಿ ಅಬ್ರಹಾಮನು ತನ್ನಲ್ಲಿಗೆ ಬಂದ ಮೂವರಿಗೆ ಕಾಲಿಗೆ ನೀರು ತರಿಸುತ್ತಾನೆ. ಆದರೆ ನೀರು ಕೊಡುವುದು ಬೇರೆ, ಬಗ್ಗಿ ತೊಳೆಯುವುದು ಬೇರೆ. ತೊಳೆಯುವ ಕೆಲಸವು ದಾಸದಾಸಿಯರದು. ಸಮುವೇಲನ ಮೊದಲನೆಯ ಗ್ರಂಥದಲ್ಲಿ ಅಬೀಗೈಲಳು ತನ್ನನ್ನು ಅತ್ಯಂತ ಕಿರಿದುಮಾಡಿಕೊಂಡು ಹೇಳಬೇಕಾದಾಗ, ದಾವೀದನ ಸೇವಕರ ಕಾಲು ತೊಳೆಯುವ ದಾಸಿ ತಾನೆಂದು ಹೇಳುತ್ತಾಳೆ. ಅದಕ್ಕಿಂತ ಕೆಳಗಿನ ಕೆಲಸವು ಆಕೆಗೆ ತೋರಲಿಲ್ಲವೆಂದು ಭಾವಿಸಬೇಕು.

ಭಾರತೀಯ ಓದುಗರಿಗೆ ಇಲ್ಲಿ ಪಾದ್ಯೋಪಚಾರವು ಸ್ಮರಣೆಗೆ ಬರುವುದು ಸಹಜ. ಮಹಾಭಾರತದ ಪ್ರಚಲಿತ ಪಾಠದಲ್ಲಿ, ಯುಧಿಷ್ಠಿರನ ರಾಜಸೂಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಯವನ್ನು ಹಂಚಿದಾಗ ಬ್ರಾಹ್ಮಣರ ಕಾಲು ತೊಳೆಯುವ ಕಾರ್ಯವನ್ನು ಶ್ರೀಕೃಷ್ಣನು ತಾನೇ ವಹಿಸಿಕೊಂಡನೆಂದಿದೆ. ಆ ಯಾಗದಲ್ಲಿಯೇ ಅಗ್ರಪೂಜೆಯು ಅವನಿಗೆ ಸಂದು ಶಿಶುಪಾಲನ ವಿರೋಧಕ್ಕೆ ಕಾರಣವಾಯಿತು. ಭಾಗವತದಲ್ಲಿ ಬಡ ಗೆಳೆಯನಾದ ಕುಚೇಲನ ಕಾಲುಗಳನ್ನು ಅವನೇ ತೊಳೆಯುತ್ತಾನೆ. ದೊಡ್ಡವನು ಸಣ್ಣ ಕೆಲಸಕ್ಕೆ ಕೈಯಿಕ್ಕುವುದು, ಅದೇ ಸ್ಥಳದಲ್ಲಿ ಹಿರಿಮೆಯ ವಿಷಯವಾಗಿ ಕಲಹವೇಳುವುದು, ಈ ಎರಡು ಅಂಶಗಳಲ್ಲಿ ಸಾಮ್ಯವು ಗಮನಾರ್ಹ. ಭೇದವೂ ಅಷ್ಟೇ ಸ್ಪಷ್ಟ. ಪಾದ್ಯದಲ್ಲಿ ತೊಳೆಯಿಸಿಕೊಳ್ಳುವವನು ಅತಿಥಿ, ಆದುದರಿಂದ ಪೂಜ್ಯನು. ಯೋಹಾನನ ಪ್ರಸಂಗದಲ್ಲಿ ತೊಳೆಯಿಸಿಕೊಂಡವರು ಶಿಷ್ಯರು; ಮತ್ತು ಆ ಶಿಷ್ಯರಲ್ಲಿ ಗುರುವನ್ನು ಹಿಡಿದುಕೊಡಲು ನಿಶ್ಚಯಿಸಿದ್ದ ಯೂದನೂ ಸೇರಿದ್ದನು. ಪೂಜ್ಯತೆಯು ಇಲ್ಲಿ ಸೇವೆಗೆ ಕಾರಣವಲ್ಲ.

೨

ಕರ್ಮದ ಚರಿತ್ರೆಗೆ ಮೊದಲು ಶಬ್ದಗಳ ಚರಿತ್ರೆಯನ್ನು ಸ್ವಲ್ಪ ನೋಡುವುದು ಯುಕ್ತ. ವಿನಯವೆಂಬ ಅರ್ಥದಲ್ಲಿ ಲ್ಯಾಟಿನ್ ಕ್ರೈಸ್ತರು ಬಳಸಿದ ಪದ ‘ಹ್ಯೂಮಿಲಿತಾಸ್’. ನೆಲವೆಂಬ ಅರ್ಥದ ‘ಹ್ಯೂಮಸ್’ ಅದಕ್ಕೆ ಮೂಲ. ಪ್ರಾಚೀನ ರೋಮನರಿಗೆ ಇದು ಗುಣವಾಚಕವಾಗಿರಲಿಲ್ಲ. ಹೀನಕುಲ, ಕ್ಷುದ್ರಸ್ಥಿತಿ ಎಂಬ ಅರ್ಥವನ್ನೇ ಸಾಮಾನ್ಯವಾಗಿ ಕೊಡುತ್ತಿದ್ದಿತು. ಗ್ರೀಕಿನ ‘ತಪೈನೋಸ್’ ಎಂಬುದೂ ಬಹುಮಟ್ಟಿಗೆ ಹೀಗೆಯೇ. ನಿಂದೆಯ ಶಬ್ದವನ್ನು ಪ್ರಶಂಸೆಯ ಶಬ್ದವನ್ನಾಗಿ ಮಾಡಿದುದು ಕ್ರೈಸ್ತಲೇಖಕರ ಕಾರ್ಯ. ದೇವಸ್ವರೂಪನು ದಾಸನ ರೂಪವನ್ನು ಧರಿಸಿದನೆಂದು ಫಿಲಿಪ್ಪಿಯವರಿಗೆ ಬರೆದ ಪತ್ರದ ೨ನೆಯ ಅಧ್ಯಾಯದಲ್ಲಿ ಪೌಲನು ಹೇಳಿದುದೇ ಇದಕ್ಕೆ ಮುಖ್ಯವಾದ ಆಧಾರ.

ಸಂಸ್ಕೃತದ ‘ವಿನಯ’ಶಬ್ದವು ಬೇರೊಂದು ದಾರಿಯಿಂದ ಬಂದುದು. ‘ವಿ’ ಉಪಸರ್ಗಪೂರ್ವಕವಾದ ‘ನೀ’ ಧಾತುವಿನಿಂದ ಹುಟ್ಟಿದ ಆ ಪದಕ್ಕೆ ನಡೆಸುವುದು, ತಿದ್ದುವುದು, ಶಿಕ್ಷಣವೆಂಬುದು ಮೂಲಾರ್ಥ. ವಿನಯವು ವಿದ್ಯೆಯ ಫಲ; ವಿನೀತನೆಂದರೆ ಶಿಕ್ಷಿತನು. ಹ್ಯೂಮಿಲಿತಾಸ್ ಎಂಬುದಕ್ಕೆ ವಿದ್ಯೆಯು ಬೇಕಿಲ್ಲ, ನೆಲದ ಮಟ್ಟಕ್ಕೆ ಇಳಿಯುವುದು ಬೇಕು. ಕನ್ನಡ ಬೈಬಲಿನ ಭಾಷಾಂತರಕಾರರು ಪೌಲನ ಪತ್ರದ ಈ ಅಧ್ಯಾಯದಲ್ಲಿ ‘ವಿನಯ’ವನ್ನು ಬಿಟ್ಟು ‘ದೀನಭಾವ’ವೆಂಬ ಪದವನ್ನು ಆರಿಸಿದುದು ಈ ದೃಷ್ಟಿಯಿಂದ ವಿಚಾರಾರ್ಹವಾದುದು. ‘ದೀನ’ನೆಂದರೆ ದರಿದ್ರನು, ಆರ್ತನು, ಗತಿಯಿಲ್ಲದವನು. ಕಾವ್ಯಗಳಲ್ಲಿ ಕರುಣೆಗೆ ಪಾತ್ರನಾದವನ ವಿಶೇಷಣವಾಗಿದ್ದ ಪದವು ಅಲ್ಲಿ ಅನುಕರಣೀಯವಾದ ಗುಣದ ಹೆಸರಾಯಿತು. ಲ್ಯಾಟಿನಿನಲ್ಲಿ ನಡೆದ ಅರ್ಥಪರಿವರ್ತನೆಯೇ ಕನ್ನಡದಲ್ಲಿಯೂ ಪುನಃ ನಡೆಯಿತೆನ್ನಬಹುದು.

ಸೇವಾವಾಚಕ ಪದಗಳ ಗತಿಯು ಇದಕ್ಕೆ ವಿಪರೀತವಾದುದು. ಗ್ರೀಕಿನ ‘ದಿಯಾಕೊನೋಸ್’ ಎಂದರೆ ಪರಿಚಾರಕನು, ವಿಶೇಷವಾಗಿ ಊಟಕ್ಕೆ ಬಡಿಸುವವನು. ಅಪೊಸ್ತಲರ ಕೃತ್ಯಗಳ ೬ನೆಯ ಅಧ್ಯಾಯದಲ್ಲಿ, ದಿನವಹಿ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ಲೋಪವಾಗುತ್ತಿದೆಯೆಂಬ ದೂರು ಬಂದಾಗ, ಉಣಬಡಿಸುವ ಕಾರ್ಯಕ್ಕಾಗಿ ಸ್ತೆಫನನೇ ಮೊದಲಾದ ಏಳು ಜನರನ್ನು ಆರಿಸಿದರೆಂದಿದೆ. ಆ ಪ್ರಕರಣದಲ್ಲಿ ಅನ್ನವನ್ನು ಹಂಚುವುದಕ್ಕೂ ವಾಕ್ಯವನ್ನು ಬೋಧಿಸುವುದಕ್ಕೂ ‘ದಿಯಾಕೊನಿಯಾ’ ಎಂಬ ಒಂದೇ ಪದವನ್ನು ಪ್ರಯೋಗಿಸಿರುವುದು ಅರ್ಥಗರ್ಭಿತವಾಗಿದೆ. ಕಾಲಕ್ರಮದಲ್ಲಿ ‘ಡೀಕನ್’ ಎಂಬುದು ಅಧಿಕಾರಶ್ರೇಣಿಯ ಒಂದು ಮೆಟ್ಟಿಲಾಯಿತು. ಲ್ಯಾಟಿನಿನಲ್ಲಿ ಅಲ್ಪವೆಂಬ ಅರ್ಥದ ‘ಮಿನುಸ್’ ಎಂಬುದಕ್ಕೆ ಸಂಬಂಧಿಸಿದ ‘ಮಿನಿಸ್ಟರ್’ ಶಬ್ದವು ಆಳಿನ ಹೆಸರಾಗಿದ್ದುದು ಕೊನೆಗೆ ರಾಜ್ಯವಾಳುವ ಮಂತ್ರಿಯ ಹೆಸರಾಯಿತು. ಕನ್ನಡ ಬೈಬಲಿನಲ್ಲಿ ಡೀಕನನು ‘ಸಭಾಸೇವಕ’ನೆನ್ನಿಸಿಕೊಂಡು ತನ್ನ ಮೂಲಾರ್ಥವನ್ನು ಉಳಿಸಿಕೊಂಡಿದ್ದಾನೆ. ಹೀನವಾಚಕವು ಗುಣವಾಚಕವಾದುದು ಒಂದು ಕಡೆ, ಸೇವಾವಾಚಕವು ಪದವೀವಾಚಕವಾದುದು ಇನ್ನೊಂದು ಕಡೆ: ಪಾದಪ್ರಕ್ಷಾಲನದ ಚರಿತ್ರೆಯಲ್ಲಿ ಈ ಎರಡು ಗತಿಗಳೂ ಹೆಣೆದುಕೊಂಡಿವೆ.

೩

ಆದಿಸಭೆಯು ಎದುರಿಸಿದ ಮೊದಲ ಪ್ರಶ್ನೆಯನ್ನು ಮೀಮಾಂಸಕರ ಪರಿಭಾಷೆಯಲ್ಲಿ ಹೀಗೆ ಹೇಳಬಹುದು: ಕಾಲು ತೊಳೆಯತಕ್ಕದ್ದೆಂಬುದು ಯಥಾಶ್ರುತವಾಗಿ ಅನುಷ್ಠಿಸಬೇಕಾದ ವಿಧಿಯೋ, ಅಥವಾ ಸಕಲ ಸೇವೆಗೂ ಉಪಲಕ್ಷಣವೋ? ಕಾಗೆಗಳಿಂದ ಮೊಸರನ್ನು ಕಾಯೆಂದು ಹೇಳಿದರೆ ನಾಯಿಗೆ ಅದನ್ನು ಬಿಡಬಹುದೆಂದು ಅರ್ಥವಲ್ಲ; ಮೊಸರನ್ನು ಕೆಡಿಸುವ ಎಲ್ಲ ಪ್ರಾಣಿಗಳಿಗೂ ಕಾಗೆಯು ಉಪಲಕ್ಷಣವೆಂಬುದು ಶಾಸ್ತ್ರದಲ್ಲಿ ಪ್ರಸಿದ್ಧವಾದ ಉದಾಹರಣೆ. ಹಾಗೆಯೇ ಕಾಲು ತೊಳೆಯುವುದೆಂದರೆ ರೋಗಿಯ ಉಪಚಾರ, ಹಸಿದವನಿಗೆ ಅನ್ನ, ಪಥಿಕನಿಗೆ ಆಶ್ರಯ ಎಲ್ಲವೂ ಆಗಬಹುದಷ್ಟೆ.

ಹಳೆಯ ಸಾಕ್ಷ್ಯಗಳಲ್ಲಿ ಇದು ಮಂದಿರದ ಕರ್ಮವಾಗಿರದೆ ಮನೆಯ ಕೆಲಸವಾಗಿಯೇ ಕಾಣುತ್ತದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ೫ನೆಯ ಅಧ್ಯಾಯದಲ್ಲಿ, ಸಭೆಯ ವಿಧವೆಯರ ಪಟ್ಟಿಗೆ ಸೇರತಕ್ಕವಳ ಯೋಗ್ಯತೆಗಳಲ್ಲಿ ಮಕ್ಕಳನ್ನು ಸಾಕಿದುದು, ಅತಿಥಿಗಳನ್ನು ಸತ್ಕರಿಸಿದುದು ಇವುಗಳೊಡನೆ ಭಕ್ತರ ಪಾದಗಳನ್ನು ತೊಳೆದುದೂ ಎಣಿಸಲ್ಪಟ್ಟಿದೆ. ಕ್ರಿ. ಶ. ೨೦೦ರ ಸುಮಾರಿನಲ್ಲಿ ಆಫ್ರಿಕದ ಕಾರ್ಥೇಜಿನಲ್ಲಿದ್ದ ತೆರ್ತುಲ್ಲಿಯನ್ ಎಂಬ ಲೇಖಕನು ತನ್ನ ಪತ್ನಿಯನ್ನುದ್ದೇಶಿಸಿ ಬರೆದ ಗ್ರಂಥದಲ್ಲಿ, ಅನ್ಯಮತದ ಗಂಡನುಳ್ಳ ಕ್ರೈಸ್ತಸ್ತ್ರೀಗೆ ಒದಗುವ ಅಡಚಣೆಗಳನ್ನು ಹೇಳುವಾಗ, ಭಕ್ತರ ಕಾಲಿಗೆ ನೀರು ಕೊಡುವುದನ್ನೂ ಸೆರೆಮನೆಗೆ ಹೋಗಿ ನೋಡುವುದನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾನೆ. ಈ ಸೇವೆಯನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ಹೆಂಗಸರೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಮುಂದೆ ಇದು ಉತ್ಸವದ ವಿಧಿಯಾದಾಗ ತೊಳೆಯುವವರೂ ತೊಳೆಯಿಸಿಕೊಳ್ಳುವವರೂ ಗಂಡಸರೇ ಆದರು.

೪ನೆಯ ಶತಮಾನದಲ್ಲಿ ಅಭಿಪ್ರಾಯಭೇದವು ಪ್ರಕಟವಾಯಿತು. ಮಿಲಾನಿನಲ್ಲಿ ದೀಕ್ಷಾಸ್ನಾನವನ್ನು ಪಡೆದವರ ಕಾಲುಗಳನ್ನು ತೊಳೆಯುತ್ತಿದ್ದರು. ಅಲ್ಲಿಯ ಬಿಷಪ್ಪನಾಗಿದ್ದು ೩೯೭ರಲ್ಲಿ ತೀರಿಕೊಂಡ ಅಂಬ್ರೋಸನು ರೋಮಿನಲ್ಲಿ ಈ ಆಚಾರವಿಲ್ಲವೆಂಬುದನ್ನು ಒಪ್ಪಿಕೊಂಡು, ರೋಮಿನ ಸಭೆಯನ್ನು ಗೌರವಿಸುವುದಾದರೂ ವಿಚಾರಶಕ್ತಿಯು ಉಳಿದವರಿಗೂ ಉಂಟೆಂಬ ಅಭಿಪ್ರಾಯದಿಂದ ತನ್ನ ಸಭೆಯ ಆಚಾರವನ್ನು ಸಮರ್ಥಿಸಿದನು. ಅದೇ ಶತಮಾನದ ಆದಿಯಲ್ಲಿ ಸ್ಪೇನಿನ ಎಲ್ವೀರಾ ಎಂಬಲ್ಲಿ ಸೇರಿದ ಸಭೆಯಾದರೋ ದೀಕ್ಷೆ ಪಡೆದವರ ಕಾಲುಗಳನ್ನು ಪಾದ್ರಿಗಳು ತೊಳೆಯಕೂಡದೆಂದು ನಿಷೇಧಿಸಿತ್ತು. ೪೩೦ರಲ್ಲಿ ತೀರಿಕೊಂಡ ಆಗಸ್ಟೀನನು ಒಂದು ಪತ್ರದಲ್ಲಿ, ಇದು ದೀಕ್ಷೆಯ ಅಂಗವೆಂಬ ಭ್ರಾಂತಿ ಹುಟ್ಟೀತೆಂದು ಕೆಲವು ಸಭೆಗಳು ಈ ಆಚಾರವನ್ನು ಸ್ವೀಕರಿಸಲಿಲ್ಲವೆಂದೂ, ಕೆಲವು ತೆಗೆದುಹಾಕಿದವೆಂದೂ, ಇನ್ನು ಕೆಲವು ಬೇರೆ ದಿನಕ್ಕೆ ಬದಲಾಯಿಸಿದವೆಂದೂ ತಿಳಿಸಿದ್ದಾನೆ.

ಈ ಚರ್ಚೆಯಲ್ಲಿ ಅತ್ಯಂತ ಮರ್ಮಸ್ಪರ್ಶಿಯಾದ ಮಾತು ಕಪ್ಪದೋಕ್ಯದ ಬೆಸಿಲನದು. ಏಕಾಂತವಾಸದ ತಪಸ್ಸು ಶ್ರೇಷ್ಠವೋ ಸಮುದಾಯದಲ್ಲಿ ಬಾಳುವ ತಪಸ್ಸು ಶ್ರೇಷ್ಠವೋ ಎಂಬ ಪ್ರಶ್ನೆ ಬಂದಾಗ, ಒಂಟಿಯಾಗಿರುವವನು ಯಾರ ಕಾಲನ್ನು ತೊಳೆಯುವನು, ಯಾರಿಗಿಂತ ಕಡೆಯವನಾಗುವನು ಎಂದು ಅವನು ಕೇಳಿದನು. ವಿನಯವು ಮನಸ್ಸಿನಲ್ಲಿ ಮಾತ್ರ ಇರುವ ಗುಣವಲ್ಲ, ಎದುರಿಗೆ ಇನ್ನೊಬ್ಬನಿಲ್ಲದೆ ಅದಕ್ಕೆ ಅಸ್ತಿತ್ವವೇ ಇಲ್ಲವೆಂಬುದು ಇದರ ತಾತ್ಪರ್ಯ. ೩೭೯ರಲ್ಲಿ ತೀರಿಕೊಂಡ ಈತನು ಕೈಸರೈಯ ನಗರದ ಹೊರಗೆ ಪಥಿಕರಿಗೂ ಬಡರೋಗಿಗಳಿಗೂ ಕುಷ್ಠಪೀಡಿತರಿಗೂ ಆಶ್ರಯವನ್ನು ಕಟ್ಟಿಸಿದನು. ಅದು ಅವನ ಹೆಸರಿನಿಂದಲೇ ‘ಬೆಸಿಲಿಯಾಸ್’ ಎಂದು ಪ್ರಸಿದ್ಧವಾಯಿತು. ಅವನು ಕುಷ್ಠರೋಗಿಗಳನ್ನು ಮುಟ್ಟಿ ಮುದ್ದಿಡುವುದಕ್ಕೂ ಹಿಂಜರಿಯಲಿಲ್ಲವೆಂದು ಗೆಳೆಯನಾದ ನಾಜಿಯಾನ್ಜಿನ ಗ್ರೆಗೊರಿಯು ಚರಮಪ್ರಶಸ್ತಿಯಲ್ಲಿ ಹೇಳಿದ್ದಾನೆ. ಉಪಲಕ್ಷಣಪಕ್ಷಕ್ಕೆ ಇದಕ್ಕಿಂತ ದೊಡ್ಡ ಭಾಷ್ಯವು ಬೇಕಿಲ್ಲ.

೪

ವಿಧಿಯನ್ನೂ ಉಪಲಕ್ಷಣವನ್ನೂ ಒಂದಾಗಿ ಕೂಡಿಸಿದ ಕೀರ್ತಿಯು ೬ನೆಯ ಶತಮಾನದ ಇಟಲಿಯಲ್ಲಿದ್ದ ಬೆನೆಡಿಕ್ಟನಿಗೆ ಸಲ್ಲತಕ್ಕದ್ದು. ಆತನ ಮಠನಿಯಮಗ್ರಂಥದ ೭ನೆಯ ಅಧ್ಯಾಯದಲ್ಲಿ ವಿನಯದ ಹನ್ನೆರಡು ಸೋಪಾನಗಳು ವಿಸ್ತಾರವಾಗಿ ನಿರೂಪಿತವಾಗಿವೆ. ಆದರೆ ಅವುಗಳ ಪರೀಕ್ಷೆಯು ಅಡಿಗೆಮನೆಯಲ್ಲಿ. ೩೫ನೆಯ ಅಧ್ಯಾಯದ ಪ್ರಕಾರ ಸನ್ಯಾಸಿಗಳು ವಾರಕ್ಕೊಬ್ಬರಂತೆ ಸರದಿಯಿಂದ ಅಡಿಗೆಯ ಸೇವೆಯನ್ನು ಮಾಡತಕ್ಕದ್ದು. ಕಾಯಿಲೆಯವರಿಗೂ ಮಠದ ಮುಖ್ಯ ಕಾರ್ಯದಲ್ಲಿ ತೊಡಗಿದವರಿಗೂ ಹೊರತು ಯಾರಿಗೂ ವಿನಾಯಿತಿಯಿಲ್ಲ. ಬಲಹೀನರಿಗೆ ಸಹಾಯಕರನ್ನು ಕೊಡತಕ್ಕದ್ದು. ವಾರದ ಕೊನೆಯಲ್ಲಿ, ಸರದಿಯನ್ನು ಮುಗಿಸಿದವನು ಸೋದರರು ಕೈಕಾಲು ಒರಸಿಕೊಂಡ ವಸ್ತ್ರಗಳನ್ನು ಒಗೆದು, ಪಾತ್ರೆಗಳನ್ನು ಶುಚಿಮಾಡಿ ಉಗ್ರಾಣದವನಿಗೆ ಒಪ್ಪಿಸಬೇಕು. ಅವನೂ, ಮುಂದಿನ ಸರದಿಯವನೂ ಕೂಡಿ ಎಲ್ಲರ ಕಾಲುಗಳನ್ನು ತೊಳೆಯಬೇಕು. ೫೩ನೆಯ ಅಧ್ಯಾಯದಲ್ಲಿ ಅತಿಥಿಗಳ ಪ್ರಕರಣವಿದೆ: ಅವರ ಕೈಗೆ ಮಠಾಧಿಪತಿಯೇ ನೀರೆರೆಯಬೇಕು, ಅವರ ಕಾಲನ್ನು ಮಠಾಧಿಪತಿಯೂ ಇಡೀ ಸಮುದಾಯವೂ ತೊಳೆಯಬೇಕು. ಬಡವರನ್ನೂ ಯಾತ್ರಿಕರನ್ನೂ ಹೆಚ್ಚಿನ ಆದರದಿಂದ ಕಾಣಬೇಕೆಂದು ಹೇಳಿ, ಧನಿಕರಿಗೆ ಭಯದಿಂದಲೇ ಗೌರವವು ತಾನಾಗಿ ದೊರೆಯುವುದೆಂಬ ಅರ್ಥದ ಕಾರಣವನ್ನೂ ಕೊಟ್ಟಿದೆ. ಲೋಕಸ್ವಭಾವದ ಪರಿಜ್ಞಾನವು ಇಲ್ಲಿ ಎದ್ದುಕಾಣುತ್ತದೆ.

ಇಲ್ಲಿ ಪಾದಪ್ರಕ್ಷಾಲನವು ಪ್ರತ್ಯೇಕವಾದ ಉತ್ಸವವಲ್ಲ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಅಡಿಗೆ ಮಾಡುವುದು ಇವುಗಳ ಸಾಲಿನಲ್ಲಿ ಅದೂ ಒಂದು. ಸರದಿಯು ಎಲ್ಲರಿಗೂ ಬರುವುದರಿಂದ ಇಂದು ತೊಳೆದವನು ನಾಳೆ ತೊಳೆಯಿಸಿಕೊಳ್ಳುವನು. ಮೂಲದ ‘ಒಬ್ಬರನ್ನೊಬ್ಬರು’ ಎಂಬ ಪದವು ಸಾರ್ಥಕವಾಗುವುದು.

ಮಂದಿರಗಳಲ್ಲಿ ಈ ಕರ್ಮವು ಪುಣ್ಯ ಗುರುವಾರಕ್ಕೆ, ಎಂದರೆ ಈಸ್ಟರಿಗೆ ಹಿಂದಿನ ಗುರುವಾರಕ್ಕೆ, ಅಂಟಿಕೊಂಡಿತು. ೬೯೪ರಲ್ಲಿ ಸ್ಪೇನಿನ ಟೊಲೆಡೊ ನಗರದಲ್ಲಿ ಸೇರಿದ ೧೭ನೆಯ ಸಭೆಯು, ಈ ಆಚಾರವು ಕೆಲವೆಡೆ ಲೋಪವಾಗಿರುವುದನ್ನು ಆಕ್ಷೇಪಿಸಿ, ಬಿಷಪ್ಪರೂ ಪಾದ್ರಿಗಳೂ ಅಂದು ಕಾಲು ತೊಳೆಯಲೇಬೇಕೆಂದು ಶಾಸನಮಾಡಿತು. ಮಾಡದವರಿಗೆ ಎರಡು ತಿಂಗಳ ಕಾಲ ಪ್ರಸಾದಭಾಗವಿಲ್ಲವೆಂಬ ದಂಡವನ್ನೂ ವಿಧಿಸಿತು. ವಿನಯಕ್ಕೆ ದಂಡನೆಯ ಬೆಂಬಲ ಬೇಕಾದುದು ಆಗಿನ ಸ್ಥಿತಿಯನ್ನು ಸೂಚಿಸುತ್ತದೆ. ಅಂದು ಹಾಡುತ್ತಿದ್ದ ಗೀತದ ಆದಿಯಲ್ಲಿ ಆಜ್ಞೆಯೆಂಬ ಅರ್ಥದ ‘ಮಾಂದಾತುಮ್’ ಪದವಿದ್ದುದರಿಂದ ಕರ್ಮಕ್ಕೆಲ್ಲ ಅದೇ ಹೆಸರಾಯಿತು. ಇಂಗ್ಲಿಷಿನಲ್ಲಿ ಆ ಗುರುವಾರಕ್ಕಿರುವ ‘ಮಾಂಡಿ’ ಎಂಬ ಹೆಸರೂ ಅದರ ತದ್ಭವ. ಮಠಗಳಲ್ಲಿ ಸೋದರರ ಪಾದಪ್ರಕ್ಷಾಲನ, ಬಡವರ ಪಾದಪ್ರಕ್ಷಾಲನ ಎಂದು ಎರಡು ವಿಧಗಳಾದವು. ಇಂಗ್ಲೆಂಡಿನ ಮಠಗಳಿಗಾಗಿ ೯೭೦ರ ಸುಮಾರಿನಲ್ಲಿ ವಿಂಚೆಸ್ಟರಿನಲ್ಲಿ ರಚಿತವಾದ ನಿಯಮಗ್ರಂಥವು ಪ್ರತಿದಿನವೂ ಮೂವರು ಬಡವರ ಕಾಲು ತೊಳೆದು ಊಟವಿಡಬೇಕೆಂದು ಹೇಳಿತು. ವುಸ್ಟರಿನ ಬಿಷಪ್ಪನೂ ಯಾರ್ಕಿನ ಆರ್ಚ್‌ಬಿಷಪ್ಪನೂ ಆಗಿದ್ದ ಆಸ್ವಾಲ್ಡನು ೯೯೨ರ ಫೆಬ್ರವರಿ ೨೯ರಂದು, ತನ್ನ ನಿತ್ಯವ್ರತದಂತೆ ಹನ್ನೆರಡು ಬಡವರ ಕಾಲು ತೊಳೆದ ಸಮಯದಲ್ಲಿಯೇ ಪ್ರಾಣಬಿಟ್ಟನೆಂದು ಅವನ ಚರಿತ್ರೆಯು ಹೇಳುತ್ತದೆ.

೫

ಕರ್ಮದಂತೆಯೇ ಬಿರುದಿಗೂ ಒಂದು ಚರಿತ್ರೆಯುಂಟು. ೫೯೦ರಿಂದ ೬೦೪ರ ವರೆಗೆ ರೋಮಿನ ಪೋಪನಾಗಿದ್ದ ಒಂದನೆಯ ಗ್ರೆಗೊರಿಯು ಹಿಂದೆ ಆ ನಗರದ ಮುಖ್ಯಾಧಿಕಾರಿಯಾಗಿದ್ದು, ಅಧಿಕಾರವನ್ನು ಬಿಟ್ಟು, ಸೀಲಿಯನ್ ಗುಡ್ಡದ ಮೇಲಿದ್ದ ತನ್ನ ಮನೆಯನ್ನೇ ಮಠವನ್ನಾಗಿ ಮಾಡಿ ಅಲ್ಲಿ ಸನ್ಯಾಸಿಯಾಗಿದ್ದವನು. ಕಾನ್‌ಸ್ಟಾಂಟಿನೋಪಲಿನ ಪೀಠದಲ್ಲಿದ್ದ ಯೋಹಾನನು, ಉಪವಾಸಿಯೆಂದು ಪ್ರಸಿದ್ಧನಾದವನು, ‘ಲೋಕವ್ಯಾಪಕ ಪಿತೃಪತಿ’ ಎಂಬರ್ಥದ ಬಿರುದನ್ನು ಬಳಸಿದುದನ್ನು ಗ್ರೆಗೊರಿಯು ೫೯೫ರಲ್ಲಿ ತೀವ್ರವಾಗಿ ಖಂಡಿಸಿದನು. ತಾನಾದರೋ ‘ದೇವರ ಸೇವಕರ ಸೇವಕ’ನೆಂಬ ಅಂಕಿತವನ್ನು ಪತ್ರಗಳಲ್ಲಿ ಬಳಸಿದನು. ೫೯೮ರಲ್ಲಿ ಅಲೆಕ್ಸಾಂಡ್ರಿಯದ ಯೂಲೋಗಿಯಸನು ಅವನಿಗೆ ಬರೆಯುತ್ತ, ನಿಮ್ಮ ಆಜ್ಞೆಯಂತೆ ಮಾಡಿದೆನೆಂದೂ, ಸಾರ್ವತ್ರಿಕ ಪೋಪನೆಂದೂ ಸಂಬೋಧಿಸಲು, ಗ್ರೆಗೊರಿಯು ಎರಡು ಮಾತುಗಳನ್ನೂ ನಿರಾಕರಿಸಿದನು: ತಾನು ಆಜ್ಞೆಮಾಡಿದುದಲ್ಲ, ಹಿತವೆಂದು ತೋರಿದುದನ್ನು ಸೂಚಿಸಿದುದು ಮಾತ್ರವೆಂದೂ, ಸೋದರರ ಗೌರವವನ್ನು ಕುಗ್ಗಿಸುವ ಗೌರವವು ತನಗೆ ಬೇಡವೆಂದೂ ಉತ್ತರವಿತ್ತನು. ಅವನು ಪ್ರತಿದಿನವೂ ಹನ್ನೆರಡು ಬಡವರಿಗೆ ಉಣಬಡಿಸುತ್ತಿದ್ದನೆಂದೂ, ಒಂದು ದಿನ ಹದಿಮೂರನೆಯವನಾಗಿ ದೇವದೂತನು ಕುಳಿತಿದ್ದನೆಂದೂ ಐತಿಹ್ಯವಿದೆ.

ಈ ಅಂಕಿತವು ಮುಂದೆ ಪೋಪರ ಶಾಸನಪತ್ರಗಳಲ್ಲಿ ನಿಯತವಾಯಿತು. ೧೨ನೆಯ ಶತಮಾನದಿಂದೀಚೆಗೆ ಅವರಿಗೆ ಮಾತ್ರವೇ ಮೀಸಲಾಯಿತು. ಬಿರುದಿನ ಗರ್ವವನ್ನು ಖಂಡಿಸಲು ಹುಟ್ಟಿದ ಮಾತೇ ಅತ್ಯುಚ್ಚ ಪೀಠದ ಬಿರುದಾಯಿತು. ಅರಸರಿಗೆ ಆಜ್ಞೆಮಾಡುವ ಪತ್ರಗಳೂ ಸೇವಕರ ಸೇವಕನೆಂಬ ಮಾತಿನಿಂದಲೇ ಪ್ರಾರಂಭವಾದವು. ಹೀಗಾದರೂ ಆ ಮಾತು ಅಲ್ಲಿ ಅಳಿಯದೆ ಉಳಿಯಿತೆಂಬುದೂ ಗಣನೀಯ. ಪೀಠವನ್ನು ಟೀಕಿಸಬೇಕೆಂದವರಿಗೆ ಬೇರೆ ಪ್ರಮಾಣವನ್ನು ಹುಡುಕಬೇಕಾದ ಕಷ್ಟವಿರಲಿಲ್ಲ. ಪೀಠದ ಅಂಕಿತವೇ ಅದಕ್ಕೆ ಪ್ರಮಾಣವಾಗಿದ್ದಿತು.

೬

ಸಭಾಧ್ಯಕ್ಷರಿಂದ ಈ ಕರ್ಮವು ಅರಸರಿಗೆ ಸಂಕ್ರಮಿಸಿತು. ಇಂಗ್ಲೆಂಡಿನ ಜಾನ್ ದೊರೆಯು ೧೨೧೦ರ ಪುಣ್ಯ ಗುರುವಾರದಂದು ನೇರ್ಸ್‌ಬರೋ ಎಂಬಲ್ಲಿ ಬಡವರಿಗೆ ಬಟ್ಟೆ ಮುಂತಾದುವನ್ನು ಕೊಟ್ಟುದಕ್ಕೂ, ೧೨೧೩ರಲ್ಲಿ ರೋಚೆಸ್ಟರಿನಲ್ಲಿ ಹದಿಮೂರು ಮಂದಿ ಬಡವರಿಗೆ ಹದಿಮೂರು ಹದಿಮೂರು ಪೆನ್ನಿಗಳನ್ನು ಕೊಟ್ಟುದಕ್ಕೂ ಲೆಕ್ಕದ ದಾಖಲೆಗಳಿವೆ. ಅನಂತರ ಬಡವರ ಸಂಖ್ಯೆಯು ದೊರೆಯ ವಯಸ್ಸಿಗೆ ಸಮನಾಗಿರಬೇಕೆಂಬ ಸಂಪ್ರದಾಯವು ಬಂದಿತು. ಹನ್ನೆರಡು ಅಥವಾ ಹದಿಮೂರು ಎಂಬ ಸಂಖ್ಯೆಯು ಶಿಷ್ಯರನ್ನೂ ಗುರುವನ್ನೂ ಜ್ಞಾಪಿಸುತ್ತಿದ್ದಿತು. ವಯಸ್ಸಿನ ಸಂಖ್ಯೆಯಾದರೋ ದೊರೆಯನ್ನೇ ಜ್ಞಾಪಿಸತೊಡಗಿತು.

ಮೊದಲನೆಯ ಎಲಿಜಬೆತ್ ರಾಣಿಯು ೧೫೭೦ರ ದಶಕದಲ್ಲಿ ಗ್ರೀನಿಚ್ ಅರಮನೆಯಲ್ಲಿ ೩೯ ಮಂದಿ ಬಡ ಹೆಂಗಸರ ಕಾಲು ತೊಳೆದುದನ್ನು ವಿಲಿಯಂ ಲ್ಯಾಂಬಾರ್ಡ್ ಎಂಬ ವಿದ್ವಾಂಸನು ವರ್ಣಿಸಿದ್ದಾನೆ. ಆ ವರ್ಣನೆಯ ಒಂದು ಅಂಶವು ಪ್ರಕೃತಕ್ಕೆ ಬಹಳ ಉಪಯುಕ್ತ. ಅರಮನೆಯ ಬಟ್ಟೆ ಒಗೆಯುವ ಶಾಖೆಯವರು ಬೆಚ್ಚಗಿನ ನೀರಿನಿಂದಲೂ ಸುಗಂಧಪುಷ್ಪಗಳಿಂದಲೂ ಆ ಹೆಂಗಸರ ಕಾಲುಗಳನ್ನು ಮೊದಲು ತೊಳೆದರು; ಆಮೇಲೆ ದಾನಶಾಖೆಯ ಉಪಾಧಿಕಾರಿಯು ತೊಳೆದನು; ಆಮೇಲೆ ಅದರ ಮುಖ್ಯಾಧಿಕಾರಿಯು ತೊಳೆದನು; ಕೊನೆಗೆ ರಾಣಿಯು ಬಂದು ಮೆತ್ತೆಯ ಮೇಲೆ ಮೊಣಕಾಲೂರಿ ನಾಲ್ಕನೆಯ ಬಾರಿಗೆ ತೊಳೆದಳು. ಕಾಲಿನ ಧೂಳನ್ನು ನಿಜವಾಗಿ ತೊಳೆದವರು ಆಳುಗಳು. ಆ ಕೆಲಸವನ್ನು ಯಥಾಪ್ರಕಾರ ಅವರೇ ಮಾಡಿದರು. ಯಾವ ಕೆಲಸವನ್ನು ಒಡೆಯನು ಮಾಡಿದನೆಂಬುದು ಮೂಲಕಥೆಯ ಜೀವಾಳವೋ ಅದೇ ಕೆಲಸವು ಇಲ್ಲಿ ಒಡೆಯರಿಗೆ ತಲಪದಂತೆ ಏರ್ಪಾಡಾಗಿದ್ದಿತು. ಇಂಗ್ಲೆಂಡಿನಲ್ಲಿ ಅರಸರು ಸ್ವತಃ ಕಾಲು ತೊಳೆಯುವುದು ೧೭ನೆಯ ಶತಮಾನದ ಕೊನೆಗೂ, ಅವರ ಪರವಾಗಿ ಅಧಿಕಾರಿಗಳು ತೊಳೆಯುವುದು ೧೮ನೆಯ ಶತಮಾನದಲ್ಲಿಯೂ ನಿಂತುಹೋಯಿತು. ನಾಣ್ಯದಾನವು ಮಾತ್ರ ಉಳಿದಿದೆ. ದಾನಾಧಿಕಾರಿಗಳು ಅಂದು ನಡುವಿಗೆ ಕಟ್ಟಿಕೊಳ್ಳುವ ನಾರುಬಟ್ಟೆಯು ನಿಂತುಹೋದ ಕರ್ಮದ ಕುರುಹು. ವಿಯೆನ್ನದಲ್ಲಿ ಫ್ರಾನ್ಸ್ ಜೋಸೆಫ್ ಚಕ್ರವರ್ತಿಯು ಹನ್ನೆರಡು ಮಂದಿ ಬಡ ವೃದ್ಧರ ಕಾಲನ್ನು ದರ್ಬಾರಿನ ಸಮಕ್ಷಮದಲ್ಲಿ ತೊಳೆಯುತ್ತಿದ್ದನು; ೧೯೧೮ರಲ್ಲಿ ಆ ಸಾಮ್ರಾಜ್ಯದೊಡನೆ ಅದೂ ಮುಗಿಯಿತು.

ಇಷ್ಟರಿಂದ ಆ ಅರಸರೆಲ್ಲರೂ ಕಪಟಿಗಳೆಂದು ನಿರ್ಣಯಿಸುವುದು ನ್ಯಾಯವಲ್ಲ. ಅವರಲ್ಲಿ ಭಕ್ತಿಯುಳ್ಳವರೂ ಇದ್ದಿರಬಹುದು. ದೋಷವು ವ್ಯಕ್ತಿಯಲ್ಲಿರುವುದಕ್ಕಿಂತ ಏರ್ಪಾಡಿನಲ್ಲಿದೆ. ವರ್ಷಕ್ಕೊಂದು ದಿನ, ಆರಿಸಿ ತಂದವರಿಗೆ, ಮೊದಲೇ ತೊಳೆದ ಕಾಲಿಗೆ, ಎಂದಿಗೂ ಸರದಿ ತಿರುಗದ ರೀತಿಯಲ್ಲಿ ಮಾಡಿದ ಸೇವೆಯು, ಮಾಡುವವನ ಎತ್ತರವನ್ನು ಇನ್ನಷ್ಟು ಎತ್ತಿ ತೋರಿಸುವುದು. ಇಳಿದುಬಂದನೆಂದು ಹೊಗಳಬೇಕಾದರೆ ಎತ್ತರದಲ್ಲಿರುವನೆಂದು ಮೊದಲು ಒಪ್ಪಬೇಕಷ್ಟೆ.

೭

೧೬ನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ ಪ್ರಾಟೆಸ್ಟಂಟ್ ಪಂಗಡಗಳಲ್ಲಿ ಬಹುಪಾಲು ಈ ಕರ್ಮವನ್ನು ಕೈಬಿಟ್ಟವು. ಆದರೆ ರಾಜರಿಂದಲೂ ಪೀಠಾಧಿಪತಿಗಳಿಂದಲೂ ಹಿಂಸೆಗೊಳಗಾಗಿದ್ದ ಅನಾಬ್ಯಾಪ್ಟಿಸ್ಟರಲ್ಲಿ ಅದು ಹೊಸ ಜೀವವನ್ನು ಪಡೆಯಿತು. ಡಚ್ಚರ ಮೆನ್ನೊನೈಟ್ ಪಂಗಡದವರು ೧೬೩೨ರಲ್ಲಿ ಡೊರ್ಡ್ರೆಖ್ಟಿನಲ್ಲಿ ಒಪ್ಪಿದ ಮತಪ್ರಕಟನೆಯ ೧೧ನೆಯ ಪ್ರಕರಣವು ಪಾದಪ್ರಕ್ಷಾಲನವನ್ನೇ ಕುರಿತದ್ದು. ಜರ್ಮನಿಯ ಶ್ವಾರ್ತ್ಸೆನೌ ಎಂಬಲ್ಲಿ ೧೭೦೮ರಲ್ಲಿ ಹುಟ್ಟಿದ ‘ಸೋದರರ’ ಪಂಗಡವೂ ಇದನ್ನು ಸ್ವೀಕರಿಸಿತು. ಈ ಪಂಗಡಗಳಲ್ಲಿ ಅಧ್ಯಕ್ಷನೊಬ್ಬನು ಹನ್ನೆರಡು ಜನರಿಗೆ ತೊಳೆಯುವುದೆಂಬುದಿಲ್ಲ; ಪಕ್ಕದವನ ಕಾಲನ್ನು ಪಕ್ಕದವನು ತೊಳೆಯುವನು; ರೈತನೂ ಬೋಧಕನೂ ಒಂದೇ ಬೋಗುಣಿಯ ಮುಂದೆ ಬಾಗುವರು. ಇವರು ವಿಧಿಯನ್ನು ಯಥಾಶ್ರುತವಾಗಿ ಗ್ರಹಿಸಿದವರು. ಆದರೆ ‘ಒಬ್ಬರನ್ನೊಬ್ಬರು’ ಎಂಬುದನ್ನೂ ಯಥಾಶ್ರುತವಾಗಿಯೇ ಗ್ರಹಿಸಿದರು.

ಉಪಲಕ್ಷಣಪಕ್ಷದವರು ಬೇರೊಂದು ದಾರಿಯನ್ನು ಹಿಡಿದರು. ಫ್ರಾನ್ಸಿನಲ್ಲಿ ವಿನ್ಸೆಂಟ್ ದ ಪಾಲ್ ಮತ್ತು ಲೂಯಿಸ್ ದ ಮರಿಯಾಕ್ ಎಂಬವರು ೧೬೩೩ರಲ್ಲಿ ಸ್ಥಾಪಿಸಿದ ಸೋದರೀಸಂಘವು ಮಠದ ಗೋಡೆಯೊಳಗೆ ಇರದೆ ಬೀದಿಗೂ ರೋಗಿಯ ಮನೆಗೂ ಹೋಗಿ ಸೇವೆಮಾಡಿತು. ಜರ್ಮನಿಯ ಕೈಸರ್ಸ್‌ವೆರ್ಟಿನಲ್ಲಿ ೧೮೩೬ರಲ್ಲಿ ಥಿಯೊಡೋರ್ ಫ್ಲೀಡ್ನರ್ ಎಂಬ ಪಾದ್ರಿಯು ರೋಗಿಗಳ ಶುಶ್ರೂಷೆಗಾಗಿ ‘ದಿಯಾಕೊನಿಸ್ಸೆ’ಯರ ಸಂಸ್ಥೆಯನ್ನು ತೆರೆದನು, ೧೮೫೦ ಮತ್ತು ೧೮೫೧ರಲ್ಲಿ ಫ್ಲಾರೆನ್ಸ್ ನೈಟಿಂಗೇಲಳು ಅಲ್ಲಿಗೆ ಹೋಗಿ ಕೆಲಸವನ್ನು ಕಂಡು ಕಲಿತಳು. ಪದವಿಯ ಹೆಸರಾಗಿ ಹೋಗಿದ್ದ ಗ್ರೀಕ್ ಶಬ್ದವು ಹೀಗೆ ರೋಗಿಯ ಹಾಸಿಗೆಯ ಬಳಿಗೆ ಹಿಂದಿರುಗಿತು. ರೋಮಾಪುರದವರಿಗೆ ಬರೆದ ಪತ್ರದ ೧೬ನೆಯ ಅಧ್ಯಾಯದಲ್ಲಿ ಕೆಂಕ್ರೆಯ ಸಭೆಯ ಫೊಯಿಬೆಯೆಂಬ ಸ್ತ್ರೀಗೆ ಪೌಲನು ಇದೇ ಶಬ್ದವನ್ನು ಬಳಸಿರುವುದನ್ನು ನೆನೆದರೆ ಇದು ಹೊಸ ಕಲ್ಪನೆಯಲ್ಲವೆಂದು ತಿಳಿಯುತ್ತದೆ.

ಕನ್ನಡನಾಡಿನಲ್ಲಿ ಈ ಪಕ್ಷಕ್ಕೆ ಪ್ರಸಿದ್ಧವಾದ ನಿದರ್ಶನವೆಂದರೆ ಮಂಗಳೂರಿನ ಕಂಕನಾಡಿಯದು. ಜರ್ಮನ್ ಜೆಸ್ಯುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರರು ೧೮೭೮ರ ಕೊನೆಯಲ್ಲಿ ಮಂಗಳೂರಿಗೆ ಬಂದು, ೧೮೮೦ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧವನ್ನು ಕೊಡಲಾರಂಭಿಸಿದರು. ೧೮೯೦ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವು ಪ್ರಾರಂಭವಾಯಿತು. ಅವರು ೧೯೧೦ರಲ್ಲಿ ತೀರಿಕೊಂಡಮೇಲೂ ಕೆಲಸವು ಬೆಳೆದು ದೊಡ್ಡ ಆಸ್ಪತ್ರೆಯಾಗಿದೆ. ಬೆಸಿಲನು ಕೈಸರೈಯದಲ್ಲಿ ಮಾಡಿದ ಕಾರ್ಯಕ್ಕೂ ಇದಕ್ಕೂ ಹದಿನೈದು ಶತಮಾನಗಳ ಅಂತರವಿದ್ದರೂ, ಇತರರು ಮುಟ್ಟಲು ಹಿಂಜರಿಯುವ ದೇಹವನ್ನು ಮುಟ್ಟಿ ಶುಶ್ರೂಷೆಮಾಡುವುದೇ ಪಾದಪ್ರಕ್ಷಾಲನದ ಅರ್ಥವೆಂಬ ತಿಳುವಳಿಕೆಯು ಒಂದೇ.

೮

ಕಥೋಲಿಕ ಸಭೆಯಲ್ಲಿ ೧೯೫೫ರ ವರೆಗೆ ಈ ಕರ್ಮವು ಪೂಜೆಯಿಂದ ಪ್ರತ್ಯೇಕವಾಗಿ, ಮುಖ್ಯವಾಗಿ ಪ್ರಧಾನಮಂದಿರಗಳಲ್ಲಿಯೂ ಮಠಗಳಲ್ಲಿಯೂ ನಡೆಯುತ್ತಿದ್ದಿತು. ಆ ವರ್ಷದಲ್ಲಿ ೧೨ನೆಯ ಪೀಯೂಸ್ ಪೋಪನು ಪುಣ್ಯವಾರದ ವಿಧಿಗಳನ್ನು ಪರಿಷ್ಕರಿಸಿ, ಸಾಮಾನ್ಯ ಮಂದಿರಗಳಲ್ಲಿಯೂ ಸಂಜೆಯ ಪೂಜೆಯ ಮಧ್ಯದಲ್ಲಿ, ಜನರ ಕಣ್ಣೆದುರಿಗೆ, ಹನ್ನೆರಡು ಪುರುಷರ ಕಾಲು ತೊಳೆಯಲು ಅನುಮತಿಯಿತ್ತನು. ೨೦೧೩ರ ಮಾರ್ಚ್ ೨೮ರಂದು ಫ್ರಾನ್ಸಿಸ್ ಪೋಪನು ಮಹಾಮಂದಿರವನ್ನು ಬಿಟ್ಟು ರೋಮಿನ ಕಾಸಾಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಬಂಧನಗೃಹಕ್ಕೆ ಹೋಗಿ, ಹನ್ನೆರಡು ಮಂದಿ ತರುಣಬಂದಿಗಳ ಕಾಲು ತೊಳೆದನು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು, ಮುಸಲ್ಮಾನರೂ ಇದ್ದರು. ಪುರುಷರ ಕಾಲನ್ನು ಮಾತ್ರ ತೊಳೆಯತಕ್ಕದ್ದೆಂಬ ನಿಯಮವು ಆಗ ಇನ್ನೂ ಜಾರಿಯಲ್ಲಿದ್ದುದರಿಂದ ಆಕ್ಷೇಪಣೆಗಳೂ ಹುಟ್ಟಿದವು. ೨೦೧೬ರಲ್ಲಿ ನಿಯಮವೇ ತಿದ್ದಲ್ಪಟ್ಟು ಸ್ತ್ರೀಪುರುಷರಿಬ್ಬರಿಗೂ ಅವಕಾಶವಾಯಿತು. ೨೦೨೫ರ ಏಪ್ರಿಲ್ ೧೭ರ ಪುಣ್ಯ ಗುರುವಾರದಂದು ರೋಗಪೀಡಿತನಾಗಿದ್ದ ಆ ಪೋಪನು ರೋಮಿನ ರೆಜಿನಾ ಚೇಲಿ ಸೆರೆಮನೆಗೆ ಹೋದನು. ಕಾಲು ತೊಳೆಯಲು ಶಕ್ತಿಯಿರಲಿಲ್ಲ, ಬಂದಿಗಳ ಬಳಿಯಲ್ಲಿ ಇದ್ದು ಬಂದನು. ಏಪ್ರಿಲ್ ೨೧ರಂದು ತೀರಿಕೊಂಡನು.

ಈ ಚರಿತ್ರೆಯಿಂದ ಸಿದ್ಧವಾಗುವ ಅಂಶಗಳು ಮೂರು. ಮೊದಲನೆಯದಾಗಿ, ಪಾದಪ್ರಕ್ಷಾಲನವು ನಿತ್ಯದ ಇತರ ಸೇವೆಗಳ ನಡುವೆ ಇದ್ದಾಗ ತನ್ನ ಅರ್ಥವನ್ನು ಕಾಪಾಡಿಕೊಂಡಿತು. ಅವುಗಳಿಂದ ಬೇರ್ಪಟ್ಟಾಗ ವೈಭವವಾಯಿತು. ಎರಡನೆಯದಾಗಿ, ಸರದಿಯಾಗಲಿ ಪರಸ್ಪರತೆಯಾಗಲಿ ಇದ್ದೆಡೆಯಲ್ಲಿ ವಿನಯವು ಸಮಾನತೆಯನ್ನು ಬೆಳೆಯಿಸಿತು. ಇಲ್ಲದೆಡೆಯಲ್ಲಿ ಅಂತಸ್ತನ್ನೇ ದೃಢಪಡಿಸಿತು. ಮೂರನೆಯದಾಗಿ, ಯಾರ ಕಾಲನ್ನು ತೊಳೆಯಬೇಕೆಂಬ ಪ್ರಶ್ನೆಯು ಯಾರು ತೊಳೆಯಬೇಕೆಂಬ ಪ್ರಶ್ನೆಯಷ್ಟೇ ಮುಖ್ಯವಾದುದು. ವಿಧವೆ, ಪಥಿಕ, ಕುಷ್ಠರೋಗಿ, ಬಂದಿ ಇವರ ಕಡೆಗೆ ಅದು ತಿರುಗಿದಾಗಲೆಲ್ಲ ಸಭೆಯು ತನ್ನ ಮೂಲಕ್ಕೆ ಸಮೀಪವಾಯಿತು.

ಹಾಗಾದರೆ ಉಪಲಕ್ಷಣಾರ್ಥವಾದ ಸೇವೆಯೊಂದಿದ್ದರೆ ಸಾಕು, ಬೋಗುಣಿ ಬಟ್ಟೆಗಳ ಕರ್ಮವೇತಕ್ಕೆ ಎಂಬ ಶಂಕೆಯು ಹುಟ್ಟಬಹುದು. ಅದಕ್ಕೆ ಸಮಾಧಾನವನ್ನು ಚರಿತ್ರೆಯೇ ಕೊಡುತ್ತದೆ. ಕರ್ಮವು ಬರಿದಾಗಿ ಹೋದ ಕಾಲದಲ್ಲಿಯೂ ಅದು ಪೀಠದಲ್ಲಿದ್ದವರಿಗೆ ವರ್ಷಕ್ಕೊಮ್ಮೆ ಅವರ ಸ್ಥಾನದ ಮೂಲಾರ್ಥವನ್ನು ತೋರಿಸುತ್ತಿದ್ದಿತು. ಜನರಿಗೂ ಅವರನ್ನು ಅಳೆಯುವ ಅಳತೆಗೋಲನ್ನು ಕೊಡುತ್ತಿದ್ದಿತು. ವಿಧಿಯು ವಿನಯವನ್ನು ಹುಟ್ಟಿಸಲಾರದು. ಆದರೆ ವಿನಯವಿಲ್ಲವೆಂಬುದನ್ನು ಮರೆಯಲು ಅದು ಬಿಡುವುದಿಲ್ಲ. ಟೊಲೆಡೊ ಸಭೆಯು ವಿಧಿಸಿದ ದಂಡವೂ, ಗ್ರೀನಿಚ್ಚಿನ ನಾಲ್ಕು ಬಾರಿಯ ಪ್ರಕ್ಷಾಲನವೂ ಇಂದಿನ ಓದುಗನಿಗೆ ಅಸಂಗತವಾಗಿ ತೋರುವುದು ಆ ವಿಧಿಯೇ ಉಳಿಸಿಕೊಟ್ಟ ಅಳತೆಯಿಂದ. ಬೆನೆಡಿಕ್ಟನ ಮಠದಲ್ಲಿ ವಾರದ ಸರದಿಯನ್ನು ಮುಗಿಸಿದವನು ಪಾತ್ರೆಗಳನ್ನು ಶುಚಿಮಾಡಿ ಒಪ್ಪಿಸಿ, ಆಮೇಲೆ ಸೋದರರ ಕಾಲು ತೊಳೆಯುತ್ತಿದ್ದನು. ಈ ಎರಡು ಕೆಲಸಗಳು ಒಂದೇ ಕೈಯಲ್ಲಿರುವವರೆಗೆ ವಿಧಿಗೂ ವಿನಯಕ್ಕೂ ವಿರೋಧವಿಲ್ಲ.